ಸೊಂಟದ ಅಳತೆ

ಜೂನ್ 3, ಮಂಗಳವಾರ

ಇವತ್ತು ನಲವತ್ತು ಬ್ಯಾಡ್ಜು ಆಯಿತು. ಇನ್ನೂ ಎಂಬತ್ತು ಬಾಕಿ. ಹಸಿರು ಬಟ್ಟೆ, ಬಿಳಿ ದಾರ, ನಡುವೆ ‘ಮನೋಬಲ’ ಎಂದು ಅಕ್ಷರ. ಹೊಸ ತರಬೇತಿ ಮುಗಿಸಿದ ಕ್ಯಾಡೆಟ್‌ಗಳ ಎಡತೋಳಿಗೆ ಹಾಕಬೇಕಂತೆ. ಬಟ್ಟೆ ದಪ್ಪ. ಸೂಜಿ ಎರಡು ಸಲ ಮುರಿಯಿತು.

ತರಬೇತಿ ನಡೆಯುವುದು ಪಕ್ಕದ ಹಾಲ್‌ನಲ್ಲೇ. ನಡುವೆ ಬರೀ ಹಲಗೆಯ ಗೋಡೆ. ಎಲ್ಲ ಕೇಳಿಸುತ್ತದೆ. ಕಲಿಸುವವರು ಹೊರಗಿನಿಂದ ಬಂದ ಡಾಕ್ಟರಮ್ಮ. ಮೆದು ದನಿ. ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ನಾಲ್ಕು ಹಿಡಿದು, ನಾಲ್ಕು ಹೊರಗೆ. ನೂರಿಪ್ಪತ್ತು ಹುಡುಗರು ಒಟ್ಟಿಗೆ ಉಸಿರು ಬಿಟ್ಟರೆ ಹಲಗೆ ಅಲುಗಿದಂತಾಗುತ್ತದೆ. ಮಷಿನ್ ಪೆಡಲ್ ಮೇಲಿದ್ದ ನನ್ನ ಕಾಲೂ ಅದೇ ತಾಳಕ್ಕೆ ಬಿತ್ತು. ನಿಲ್ಲಿಸಿದೆ.

ಈ ತರಬೇತಿ ಯಾಕೆ ಶುರುವಾಯಿತು ಎಂದು ಯಾರೂ ನನ್ನೆದುರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅಕ್ಟೋಬರ್‌ನಲ್ಲಿ ಮಗ ಹೋದ. ತಾನಾಗಿ ಜೀವ ಬಿಟ್ಟ — ಇದೇ ಸೈನಿಕ ಅಕಾಡೆಮಿಯಲ್ಲಿ, ಕ್ಯಾಡೆಟ್ ಆಗಿ ಎರಡನೇ ಟರ್ಮ್‌ನಲ್ಲಿ. ಜನವರಿಯಲ್ಲಿ ಮೇಲಿನಿಂದ ಆದೇಶ ಬಂತು. ಮೇ ತಿಂಗಳಲ್ಲಿ ಡಾಕ್ಟರಮ್ಮ ಬಂದರು.

ಅದರ ಬ್ಯಾಡ್ಜು ನಾನು ಹೊಲಿಯುತ್ತಿದ್ದೇನೆ.

ಜೂನ್ 5, ಗುರುವಾರ

ಕ್ಷೌರದವನು ಮಧ್ಯಾಹ್ನ ಬಂದು ಕೂತ. ನಿನ್ನ ಕೋಣೆಯಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತೆ ಅನ್ನುವುದು ನೆಪ. ಅಕ್ಟೋಬರ್‌ನಿಂದ ದಿನವೂ ಬರುತ್ತಾನೆ.

“ಹುಡುಗರ ತಲೆ ಹೊರಗಡೆ ನಂದು, ಒಳಗಡೆ ಡಾಕ್ಟರಮ್ಮಂದು. ಸೊಂಟದಿಂದ ಕೆಳಗೆ ನಿಂದು. ಹೊಟ್ಟೆ ಮಾತ್ರ ಯಾರ ಪಾಲಿಗೂ ಬರ್ಲಿಲ್ಲ ನೋಡು” ಅಂದ.

ಸೂಜಿಗೆ ದಾರ ಪೋಣಿಸಿದೆ. ಮಾತಾಡುತ್ತ ಹೋದ. ಒಬ್ಬೊಬ್ಬನಿಗೂ ಒಬ್ಬ ಜೋಡಿ ಅಂತೆ. ಬೆಳಿಗ್ಗೆ ಪರೇಡಿಗೆ ಮೊದಲು ಒಬ್ಬರನ್ನೊಬ್ಬರು ಕೇಳಬೇಕು — ಇವತ್ತು ಮನಸ್ಸು ಹತ್ತಕ್ಕೆ ಎಷ್ಟು? ಅದನ್ನು ಹಾಳೆಯಲ್ಲಿ ಬರೆಯಬೇಕು. ಐದಕ್ಕಿಂತ ಕಡಿಮೆಯಾದರೆ ಡಾಕ್ಟರಮ್ಮನ ಹತ್ತಿರ. ಮೂರು ಸಲ ಕಡಿಮೆಯಾದರೆ ಅಧಿಕಾರಿಗಳ ಬೋರ್ಡ್ ಮುಂದೆ. ಬೋರ್ಡ್ ಅಂದರೆ ಮನೆ ದಾರಿ.

“ಅದಕ್ಕೇ ಎಲ್ಲಾ ಏಳು ಅಂತಾರೆ. ಹತ್ತು ಅಂದ್ರೆ ಸುಳ್ಳು ಅಂತ ಗೊತ್ತಾಗುತ್ತೆ. ಆರು ಅಂದ್ರೆ ಯಾಕೆ ಅಂತ ಕೇಳ್ತಾರೆ. ಏಳು ಅಂದ್ರೆ ಯಾರೂ ತಿರುಗಿ ನೋಡಲ್ಲ. ಸೀನಿಯರ್‌ಗಳು ಹೇಳಿಕೊಟ್ಟಿರೋದು.”

ಹೋಗುವಾಗ ಬಾಗಿಲಲ್ಲಿ ನಿಂತು, ಒಬ್ಬೊಬ್ಬನ ತಲೆಯಲ್ಲಿ ಕೂದಲು ಗುಂಡಿಯಗಲ ಉದುರಿದೆ ಮಾರಾಯ, ಅಂದ. ಆಗ ನಗುತ್ತಿರಲಿಲ್ಲ.

ಜೂನ್ 10, ಮಂಗಳವಾರ

ಆಲ್ಟ್ರೇಷನ್ ದಿನ. ಹನ್ನೊಂದು ಪ್ಯಾಂಟು. ಕೊನೆಗೆ ಬಂದವನು ಕಡ್ಡಿ. ಹುಡುಗರು ಇಟ್ಟ ಹೆಸರು. ಸೇರಿದಾಗ ಕಡ್ಡಿಯಾಗಿರಲಿಲ್ಲ.

ಅಳತೆ ಪುಸ್ತಕ ತೆಗೆದೆ. ಜನವರಿ — ಮೂವತ್ತೊಂದು. ಏಪ್ರಿಲ್ — ಮೂವತ್ತು. ಇವತ್ತು ಟೇಪು ಇಪ್ಪತ್ತೆಂಟೂವರೆಗೆ ಬಂದು ನಿಂತಿತು. ಅಂಗಿಯ ಎಡ ಕಫ್ ಹಲ್ಲಿನಿಂದ ಕಚ್ಚಿ ಕಚ್ಚಿ ನೂಲು ಬಿಟ್ಟಿದೆ. ಏನೂ ಕೇಳದೆ ಪ್ಯಾಂಟು ಇಟ್ಟುಕೊಂಡೆ. ನಾಳೆ ಬನ್ನಿ ಅಂದೆ.

ಅವನು ಹೋದ ಮೇಲೆ ಆ ಪುಟ ತೆರೆಯಬಾರದಿತ್ತು. ತೆರೆದೆ. ಮಗನ ಪುಟ. ಮೂವತ್ತೆರಡು. ಮೂವತ್ತೊಂದು. ಇಪ್ಪತ್ತೊಂಬತ್ತು. ಮೂರನೆಯದರ ಪಕ್ಕ ನನ್ನದೇ ಕೈಬರಹ — ‘ಮೈ ತಯಾರಾಗಿದೆ. ಚೆನ್ನಾಗಿ ಕೂರುತ್ತದೆ.’

ಸೆಪ್ಟೆಂಬರ್ ಕೊನೆ ವಾರದ್ದು. ಬರೆದದ್ದು ನೆನಪಿದೆ. ಖುಷಿಯಲ್ಲಿ ಬರೆದದ್ದೂ ನೆನಪಿದೆ.

ಸೇರುವ ಮೊದಲೇ ಹೇಳಿದ್ದ — “ಅಪ್ಪಾ, ಅಲ್ಲಿ ನಿಮ್ಮನ್ನ ಮಾಸ್ಟರ್ ಅಂತೀನಿ, ಬೇಜಾರ್ ಮಾಡ್ಕೋಬೇಡಿ.” ಸರಿಯಾಗಿಯೇ ಇತ್ತು. ಟೈಲರ್ ಮಗ ಅಂತ ಯಾರೂ ಆಡಿಕೊಳ್ಳಬಾರದು. ನಾನೂ ಹಾಗೇ ನಡೆದುಕೊಂಡೆ. “ಕೈ ಸ್ವಲ್ಪ ಮೇಲೆತ್ತಿ” ಎಂದು ಬೇರೆಯವರ ಮಕ್ಕಳಿಗೆ ಹೇಳುವ ಹಾಗೆ ಅವನಿಗೂ ಹೇಳಿದೆ. ಎರಡೂ ಕೈಯಲ್ಲಿ ಅವನ ಸೊಂಟ ಬಳಸಿ ನಿಂತಿದ್ದೆ. ಊಟ ಮಾಡ್ತಿದ್ದೀಯೇನೋ ಎಂದು ಒಂದು ಮಾತು ಬಾಯಿಗೆ ಬರಲಿಲ್ಲ. ಹದಿನೆಂಟು ದಿನ ಬಾಕಿ ಇತ್ತು ಆಗ.

ಜೂನ್ 11, ಬುಧವಾರ

ಕಡ್ಡಿ ಪ್ಯಾಂಟಿಗೆ ಬಂದ.

“ಊಟ ಸೇರ್ತಿಲ್ವಾ?” ಅಂದೆ.

“ಏಳು, ಮಾಸ್ಟರ್.”

“ನಾನು ಕೇಳಿದ್ದು ಊಟ.”

ಬಾಗಿಲ ಕಡೆ ನೋಡಿದ. ಆಮೇಲೆ ಪ್ಯಾಂಟಿನ ಕಡೆ. ಅದನ್ನು ಮಡಿಸುತ್ತ, ಬಿಚ್ಚುತ್ತ ಹೇಳಿದ — “ಟವರ್ ಜಂಪ್ ಶುರುವಾದಾಗಿಂದ ತಿಂದದ್ದು ನಿಲ್ಲಲ್ಲ. ಬೆಳಿಗ್ಗೆ ಎಲ್ಲಾ ವಾಪಸ್ ಬರುತ್ತೆ. ಕಣ್ಣು ಮುಚ್ಚಿದ್ರೆ ಬೀಳ್ತಾನೇ ಇರ್ತೀನಿ. ಮೇಡಂ ಹೇಳಿದ ಹಾಗೆ ಉಸಿರು ಎಣಿಸ್ತೀನಿ ಮಾಸ್ಟರ್, ಎಣಿಸ್ತಾ ಎಣಿಸ್ತಾನೇ ವಾಂತಿ ಆಗುತ್ತೆ.”

“ಮೇಡಂಗೆ ಹೇಳಬಾರದಾ?”

“ಹೇಳಿದ್ರೆ ಹಾಳೇಲಿ ಬರೀತಾರೆ. ನನ್ನ ಸಾಕಿದ್ದು ಅಕ್ಕ. ತಮ್ಮ ಆಫೀಸರ್ ಆಗ್ತಾನೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ವಾಪಸ್ ಹೋಗಿ ಆ ಬೀದೀಲಿ ಹೇಗೆ ನಡೀಲಿ? ಯಾರಿಗೂ ಹೇಳ್ಬೇಡಿ.”

ಹೇಳುವುದಿಲ್ಲ ಅಂದೆ.

ಜೂನ್ 19, ಗುರುವಾರ, ಸಂಜೆ 5

ಎಂಟು ದಿನ ತಡೆದೆ. ಇವತ್ತು ಕ್ಲಾಸ್ ಮುಗಿದ ಮೇಲೆ ಹಾಲ್‌ಗೆ ಹೋದೆ. ಡಾಕ್ಟರಮ್ಮ ಹಾಳೆಗಳನ್ನು ಜೋಡಿಸುತ್ತಿದ್ದರು. ಎಲ್ಲದರಲ್ಲೂ ಏಳು.

ಹುಡುಗನ ಹೆಸರು ಹೇಳಲಿಲ್ಲ. ಅಷ್ಟಾದರೂ ಮಾತು ಉಳಿಸಿಕೊಂಡೆ. ಅಳತೆ ಪುಸ್ತಕ ಅವರ ಮುಂದಿಟ್ಟೆ. ಅಮ್ಮಾ, ಬಾಯಿ ಏಳು ಅನ್ನುತ್ತೆ, ಸೊಂಟ ಬೇರೆ ಹೇಳುತ್ತೆ ಅಂದೆ. ಯಾರದು ಎಂದು ಕೇಳಿದರು. ಯಾರದೆಂದಲ್ಲ, ಸುಮಾರು ಜನರದು ಅಂದೆ. ಒಂದು ಪುಟ ತೋರಿಸಿದೆ. ಮಗನದು.

ಬಹಳ ಹೊತ್ತು ನೋಡಿದರು. “ಇದು ನಮಗೆ ಹೊಳೀಲೇ ಇಲ್ಲ ಮಾಸ್ಟರ್” ಅಂದರು. ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಒಳ್ಳೆಯ ಹೆಂಗಸು. ಅದರಲ್ಲಿ ಸಂಶಯವಿಲ್ಲ.

ಬರುವಾಗ ಎದೆ ಸ್ವಲ್ಪ ಹಗುರ. ಎಂಟು ತಿಂಗಳಲ್ಲಿ ಮೊದಲ ಸಲ.

ಜುಲೈ 1, ಮಂಗಳವಾರ

ಆದೇಶ ಬಂದಿದೆ. ಇನ್ನು ಪ್ರತಿ ಮಂಗಳವಾರ ಎಲ್ಲ ಕ್ಯಾಡೆಟ್‌ಗಳ ಸೊಂಟದ ಅಳತೆ. ತೆಗೆಯುವುದು ನಾನು. ಬರೆದದ್ದು ಅದೇ ಹಾಳೆಗೆ ಹೋಗುತ್ತದೆ, ಏಳರ ಪಕ್ಕಕ್ಕೆ. ಎರಡು ಇಂಚು ಇಳಿದರೆ ಬೋರ್ಡ್. ಹಾಳೆಗೆ ಸೇರಿಸಿ ಎಂದಷ್ಟೇ ಡಾಕ್ಟರಮ್ಮ ಕೇಳಿದ್ದಂತೆ. ಬೋರ್ಡ್ ಅಂತ ಸೇರಿಸಿದ್ದು ತರಬೇತಿಯ ಹೊಣೆ ಹೊತ್ತ ಮೇಜರ್.

ಹುಡುಗರು ಸಾಲಾಗಿ ನಿಂತಿದ್ದರು. ಡ್ರಿಲ್ ಮಾಸ್ತರು ಬಾಗಿಲಲ್ಲಿ. “ಬನ್ರಪ್ಪಾ, ಮದುವೆ ಸೂಟಿಗೆ ಅಳತೆ” ಅಂತ ಅವರ ತಮಾಷೆ.

ಮೂವತ್ತು ವರ್ಷದಿಂದ ಈ ಕೆಲಸ. ಟೇಪು ಹಿಡಿದರೆ ಹೊಟ್ಟೆ ಒಳಗೆಳೆದುಕೊಳ್ಳುವುದು ಗಂಡಸಿನ ಗುಣ. ಇವತ್ತು ನೂರಿಪ್ಪತ್ತು ಹುಡುಗರು ನನ್ನ ಮುಂದೆ ಹೊಟ್ಟೆ ಉಬ್ಬಿಸಿ ನಿಂತರು. ಒಬ್ಬ ಎರಡು ಬನಿಯನ್ ಹಾಕಿದ್ದ. ಒಬ್ಬನ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳಿಸಿತು. ಒಬ್ಬ ಟವೆಲ್ ಸುತ್ತಿಕೊಂಡಿದ್ದ. ಆದೇಶ ಓದಿದ್ದು ನಿನ್ನೆ ಸಂಜೆ. ಒಂದೇ ರಾತ್ರಿಯಲ್ಲಿ ಕಲಿತಿದ್ದಾರೆ.

ಕಡ್ಡಿ — ಮೂವತ್ತು. ನನ್ನ ಮುಖ ನೋಡಲಿಲ್ಲ.

ಸುಳ್ಳು ಹೇಳದೆ ಇದ್ದದ್ದು ಇಲ್ಲಿ ಈ ಟೇಪು ಒಂದೇ. ಅದಕ್ಕೂ ನಾನೇ ಕಲಿಸಿಬಿಟ್ಟೆ.

ಜುಲೈ 8, ಮಂಗಳವಾರ

ಕಡ್ಡಿ ಕೊನೆಯವನು. ಸಾಲು ಖಾಲಿ. ಕ್ಲರ್ಕ್ ಹಾಳೆಗಾಗಿ ಆಚೆ ಕಾಯುತ್ತಿದ್ದ.

ಟೇಪು ಹಾಕಿದೆ. ಮೂವತ್ತು. ಉಸಿರು ಬಿಡಿ ಅಂದೆ. ಬಿಡಲಿಲ್ಲ. ಮನಸ್ಸಿನಲ್ಲೇ ನಾಲ್ಕು ಎಣಿಸಿದೆ. ಮತ್ತೆ ನಾಲ್ಕು. ಮತ್ತೆ ನಾಲ್ಕು. ಅವನ ಕತ್ತಿನ ನರ ಎದ್ದಿತ್ತು. ಆಮೇಲೆ ಒಮ್ಮೆಲೇ ಬಿಟ್ಟ. ಟೇಪು ನನ್ನ ಕೈಯಲ್ಲಿ ಸಡಿಲವಾಯಿತು. ಎಳೆದೆ, ಎಳೆದೆ — ಇಪ್ಪತ್ತೇಳೂವರೆ. ಅದೂ ಬನಿಯನ್ ಸೇರಿ. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದ.

“ಮೂವತ್ತು ಅಂತ ಬರೀರಿ ಮಾಸ್ಟರ್. ಕಾಲಿಗೆ ಬೀಳ್ತೀನಿ.”

“ಮನೆಗೆ ಹೋದ್ರೆ ಮೈ ಸರಿಹೋಗುತ್ತಪ್ಪಾ. ಇಲ್ಲೇ ಇದ್ರೆ...”

“ಮನೆಗೆ ಕಳಿಸಿದ್ರೆ ನಾನು ಎಲ್ಲೂ ಇರಲ್ಲ.”

ಜೋರಾಗಿ ಹೇಳಲಿಲ್ಲ. ಗುಂಡಿ ಬಿದ್ದುಹೋಗಿದೆ ಅನ್ನುವ ಹಾಗೆ ಹೇಳಿದ.

ಪೆನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಕ್ಲರ್ಕ್ ಎರಡು ಸಲ ಕೂಗಿದ. ಮೂವತ್ತು ಅಂದರೂ ಹೋಗುತ್ತಾನೆ. ಇಪ್ಪತ್ತೇಳೂವರೆ ಅಂದರೂ ಹೋಗುತ್ತಾನೆ. ‘ಚೆನ್ನಾಗಿ ಕೂರುತ್ತದೆ’ ಎಂದು ಬರೆದ ಕೈ ಇದು.

ಇಪ್ಪತ್ತೇಳೂವರೆ ಎಂದು ಬರೆದೆ.

ನೇರ ಡಾಕ್ಟರಮ್ಮನ ಹತ್ತಿರ ಹೋಗಿ, ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನಿದ್ದಲ್ಲಿಗೆ ಓಡಿಕೊಂಡು ಹೋದರು.

ಜುಲೈ 9, ಬುಧವಾರ

ಬೋರ್ಡ್ ಹತ್ತು ನಿಮಿಷದಲ್ಲಿ ಮುಗಿಯಿತಂತೆ. ಇಲ್ಲೇ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳೋಣ, ಆಮೇಲೆ ಬೇಕಾದರೆ ಕಳಿಸೋಣ ಅಂತ ಡಾಕ್ಟರಮ್ಮ ವಾದ ಮಾಡಿದರಂತೆ. ಇನ್ನೊಂದು ಸಲ ಅಂಥದ್ದು ಇಲ್ಲಿ ಆಗಬಾರದು, ಅಂದರಂತೆ ಮೇಜರ್. ‘ಇಲ್ಲಿ’ ಆಗಬಾರದು.

ಮನೆಗೆ ಬರುವಾಗ ಅಳತೆ ಪುಸ್ತಕ ತಂದೆ. ಹೆಂಡತಿಯ ಮುಂದೆ ತೆರೆದಿಟ್ಟೆ. ಒಂಬತ್ತು ತಿಂಗಳು ಮುಚ್ಚಿಟ್ಟಿದ್ದೆ. ಇವಳು ಅಂಕಿಗಳ ಮೇಲೆ ಬೆರಳಿಟ್ಟು ಓದಿದಳು, ಆಮೇಲೆ ನಾನು ಬರೆದ ಸಾಲನ್ನೂ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಕೊನೆ ರಜಕ್ಕೆ ಬಂದಾಗ ತಟ್ಟೇಲಿ ಅರ್ಧ ಬಿಡ್ತಿದ್ದ. ಮೆಸ್ಸಲ್ಲಿ ಚೆನ್ನಾಗಿ ಹಾಕ್ತಾರೆ, ಈಗ ನನ್ನ ಕೈ ಅಡುಗೆ ಎಲ್ಲಿ ಸೇರುತ್ತೆ ಅಂತ ನಾನೇ ಅಂದೆ. ಚುಚ್ಚಿ ಅಂದೆ” ಅಂದಳು.

ಕತ್ತಲಾಯಿತು. ದೀಪ ಹಾಕಲಿಲ್ಲ.

ಜುಲೈ 12, ಶನಿವಾರ

ಕಡ್ಡಿ ಇವತ್ತು ಹೊರಟ. ಯೂನಿಫಾರ್ಮ್ ನನಗೆ ಒಪ್ಪಿಸಬೇಕು, ಅದು ನಿಯಮ. ಸೇರುವಾಗ ಹಾಕಿಕೊಂಡು ಬಂದಿದ್ದ ಸ್ವಂತ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊಡಿ ಅಂದೆ. ಟವೆಲ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತ.

ಒಳಗಿನ ಬಟ್ಟೆ ಕತ್ತರಿಸಲಿಲ್ಲ. ಮಡಿಸಿ ಸಡಿಲ ಹೊಲಿಗೆ ಹಾಕಿದೆ. ದಾರ ಎಳೆದರೆ ಮತ್ತೆ ಮೂವತ್ತೊಂದಕ್ಕೆ ಬರುತ್ತದೆ. ಹೆಸರಿನ ಪಟ್ಟಿ ಹೊಲಿಯುವ ಬಿಳಿ ಬಟ್ಟೆಯ ಮೇಲೆ ಈ ಕೋಣೆಯ ಫೋನ್ ನಂಬರ್ ಬರೆದು ಸೊಂಟಪಟ್ಟಿಯ ಒಳಗೆ ಹೊಲಿದೆ. ಹೇಳಲಿಲ್ಲ. ಹೇಳಿದರೆ ಕಿತ್ತು ಹಾಕುತ್ತಿದ್ದ.

ಪ್ಯಾಂಟು ಹಾಕಿಕೊಂಡು ಕೇಳಿದ — “ನಿಮ್ಮ ಮಗನಿಗೂ ಹೀಗೇ ಬರೆದಿದ್ರಾ?”

“ಇಲ್ಲ. ಚೆನ್ನಾಗಿ ಕೂರುತ್ತದೆ ಅಂತ ಬರೆದಿದ್ದೆ.”

ಆಗ ನನ್ನ ಮುಖ ನೋಡಿದ. ಡಾಕ್ಟರಮ್ಮ ಕೊಟ್ಟ ಆಸ್ಪತ್ರೆ ಚೀಟಿಯನ್ನು ಜೇಬಿಗೆ ತುರುಕಿ ಹೋದ. ಸ್ಟೇಷನ್‌ವರೆಗೆ ಡಾಕ್ಟರಮ್ಮನೇ ಹೋದರು. ಆ ಕಡೆ ಅಕ್ಕ ಬಂದಿರುತ್ತಾಳಂತೆ.

ಅವನ ಅಂಗಿಯ ಹೆಸರು ಬಿಚ್ಚಿದೆ. ಬ್ಲೇಡಿನಲ್ಲಿ, ಒಂದೊಂದೇ ಹೊಲಿಗೆ. ಒಂಬತ್ತು ತಿಂಗಳಲ್ಲಿ ಎರಡನೆಯದು.

ಜುಲೈ 30, ಬುಧವಾರ, ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಬರಲಿಲ್ಲ. ಸ್ಟೇಷನ್‌ಗೆ ಅಕ್ಕ ಬಂದಿದ್ದಳು ಎಂಬಲ್ಲಿಗೆ ಸುದ್ದಿ ನಿಂತಿದೆ. ಚೀಟಿಯಲ್ಲಿದ್ದ ಆಸ್ಪತ್ರೆಗೆ ಅವನು ಹೋಗಿಲ್ಲ. ಡಾಕ್ಟರಮ್ಮ ಎರಡು ಕಾಗದ ಬರೆದಿದ್ದಾರೆ. ಉತ್ತರವಿಲ್ಲ. ಮನೆಗೆ ಹೋದ ಕೂಡಲೇ ಇವಳು ನನ್ನ ಮುಖ ನೋಡುತ್ತಾಳೆ. ಸುದ್ದಿ ಇಲ್ಲವೆಂದು ತಲೆ ಆಡಿಸುತ್ತೇನೆ. ಒಳಗೆ ಹೋಗುತ್ತಾಳೆ.

ಇವತ್ತು ಬ್ಯಾಡ್ಜು ಹಾಕುವ ದಿನ. ಮೈದಾನದಲ್ಲಿ ಬ್ಯಾಂಡ್ ಬಾರಿಸುತ್ತಿದೆ. ಎಲ್ಲರೂ ಅಲ್ಲಿದ್ದಾರೆ. ಒಂದು ಬ್ಯಾಡ್ಜು ಡ್ರಾಯರಿನಲ್ಲಿ ಉಳಿದಿದೆ, ಅಳತೆ ಪುಸ್ತಕದ ಕೆಳಗೆ.

11.20

ಫೋನ್ ಬಂತು. ಈ ಕೋಣೆಗೆ ಫೋನ್ ಬರುವುದೇ ಅಪರೂಪ. ಎತ್ತಿದೆ. ಮಾತಿಲ್ಲ. ಉಸಿರು ಮಾತ್ರ. ಬಸ್ಸೋ ಲಾರಿಯೋ ಹೋದ ಸದ್ದು.

ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಎಷ್ಟು ಎಂದು ಕೇಳಲಿಲ್ಲ. ಊಟ ಆಯ್ತೇನಪ್ಪಾ ಅಂದೆ.

ಆ ಕಡೆ ಇನ್ನೊಂದು ಗಾಡಿ ಹೋಯಿತು.

ಇಲ್ಲ ಅಂದ. ಕಡ್ಡಿಯದೇ ದನಿ.

ಇಡಬೇಡ, ಅಂದೆ. ಫೋನ್ ಇಡಬೇಡ ಕಂದಾ, ನಾನು ಎಲ್ಲೂ ಹೋಗಲ್ಲ, ಎಲ್ಲಿದ್ದೀಯ ಅಷ್ಟು ಹೇಳು ಅಂದೆ. ಅವನು —