ಹರಿಯಬ್ಬೆಗೆ ಬಾರದ ಅಪ್‌ಡೇಟ್

ಸಹಕಾರಿ ಆರೋಗ್ಯ ಕೇಂದ್ರಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ,

ಚಿತ್ತಮ್ಮನವರ ಸಾವಿಗೆ ಹರಿಯಬ್ಬೆ ಕೇಂದ್ರದ ನರ್ಸ್ ರಂಜಿತಾ ಅವರ ನಿರ್ಲಕ್ಷ್ಯವೇ ಕಾರಣವೆಂದು ತಾವು ಸಹಿ ಹಾಕಿದ ವರದಿ ಓದಿದೆ. ಅದು ಸುಳ್ಳು. ನಾನು ಹೊಸದುರ್ಗದಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ತಮ್ಮ ಕೇಂದ್ರಗಳಲ್ಲಿ ಬಳಸುವ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂನ ಫೈಲ್ ಲಾಕ್ ಕೋಡನ್ನು ತಿದ್ದಿದ ಸ್ವಯಂಸೇವಕರಲ್ಲಿ ಒಬ್ಬಳು. ಹಾಗಾಗಿ ನಡೆದದ್ದನ್ನು ಹೇಳುವುದು ನನ್ನ ಮೇಲೆ ಬಿದ್ದಿದೆ.

ಒಬ್ಬರು ಒಂದು ಫೈಲಿನಲ್ಲಿ ಬರೆಯುತ್ತಿರುವಾಗ ಇನ್ನೊಬ್ಬರನ್ನು ಕಾಯಿಸುವುದು ಲಾಕಿನ ಕೆಲಸ. ಹೊಸ ಕೋಡ್ ಹಾಕಿದ ಲಾಕ್ ಹಳೆಯ ಕೋಡಿಗೆ ಕಾಣುವುದಿಲ್ಲ, ಹಳೆಯದು ಹಾಕಿದ್ದು ಹೊಸದಕ್ಕೂ ಕಾಣುವುದಿಲ್ಲ. ಅದಕ್ಕೇ ಎಲ್ಲ ಕೇಂದ್ರಗಳಲ್ಲೂ ಒಂದೇ ದಿನ ಅಪ್‌ಡೇಟ್ ಆಗಬೇಕೆಂದು ತಮಗೆ ಎರಡು ಸಲ ಬರೆದಿದ್ದೆ. ತಾವು ಚಿತ್ರದುರ್ಗ, ಹಿರಿಯೂರುಗಳಲ್ಲಿ ಮಾಡಿಸಿ, ಫೋಟೊ ತೆಗೆಸಿಕೊಂಡು, ಹರಿಯಬ್ಬೆ ಮತ್ತು ಬಿ.ದುರ್ಗವನ್ನು ಮುಂದಿನ ವಾರಕ್ಕೆ ಬಿಟ್ಟಿರಿ. ನಾಲ್ಕು ತಿಂಗಳಾದರೂ ಆ ವಾರ ಬರಲಿಲ್ಲ. ಹಳ್ಳಿಯ ಕಾಯಿಲೆಗಳು ತಮ್ಮ ಅನುಕೂಲ ನೋಡಿಕೊಂಡು ಬರುತ್ತವೆಯೆಂದು ತಿಳಿದಿದ್ದಿರೇ?

ಚಿತ್ತಮ್ಮನವರು ಹರಿಯಬ್ಬೆಯಲ್ಲಿ ಕುರಿ ಕಾಯುತ್ತಿದ್ದರು. ಒಂದು ಇಂಜೆಕ್ಷನ್ ತನಗೆ ಆಗುವುದಿಲ್ಲ, ಹಿಂದೊಮ್ಮೆ ಗಂಟಲು ಊದಿ ಉಸಿರು ಕಟ್ಟಿತ್ತು ಎಂದು ಊರಿನ ಕೇಂದ್ರದಲ್ಲಿ ರಂಜಿತಾ ಅವರಿಗೆ ಹೇಳಿದರು. ರಂಜಿತಾ ಅದನ್ನು ಅವರೆದುರೇ, ಎಲ್ಲ ಕೇಂದ್ರಗಳಿಗೂ ಒಂದೇ ಆಗಿರುವ ಅವರ ಕಂಪ್ಯೂಟರ್ ಫೈಲಿನಲ್ಲಿ ಬರೆದರು. ಅದೇ ಹೊತ್ತಿಗೆ ಹಿರಿಯೂರಿನಲ್ಲಿ ಇನ್ಯಾರೋ ಅದೇ ಫೈಲ್ ತೆರೆದು ಫೋನ್ ನಂಬರ್ ತಿದ್ದುತ್ತಿದ್ದರು. ಯಾರನ್ನೂ ಯಾವ ಲಾಕೂ ತಡೆಯಲಿಲ್ಲ. ಹಿರಿಯೂರಿನವರು ಆಮೇಲೆ ಸೇವ್ ಮಾಡಿದರು. ಅವರು ತೆರೆದಿದ್ದ ಪ್ರತಿಯಲ್ಲಿ ಇರದಿದ್ದ, ರಂಜಿತಾ ಬರೆದ ಸಾಲು ಅಳಿಸಿಹೋಯಿತು. ಯಾರು ಯಾವಾಗ ಸೇವ್ ಮಾಡಿದರೆಂಬ ಎರಡೂ ಕಡೆಯ ಲಾಗ್ ನೋಡಿದ್ದೇನೆ. ತಾವು ನೋಡಲಿಲ್ಲ.

ತಿಂಗಳ ನಂತರ ಚಿತ್ತಮ್ಮನವರನ್ನು ಜ್ವರವೆಂದು ಹಿರಿಯೂರಿಗೆ ಕರೆತಂದಾಗ, ಫೈಲ್ ನೋಡಿಯೇ ಆ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಅವರು ತೀರಿಕೊಂಡರು.

ಅವರ ಗಂಡ ಜುಂಜಯ್ಯನವರನ್ನು ಕಾಣಲು ಹಟ್ಟಿಗೆ ಹೋಗಿದ್ದೆ. “ಕುಂತ್ಕಳ್ರಿ” ಎಂದು ಕಂಬಳಿ ಹಾಸಿದರು. ಆಮೇಲೆ, “ಜ್ವರದಾಗೆ ಅವ್ಳಿಗೆ ಮಾತೇ ಬರ್ತಿರ್ಲಿಲ್ಲ. ನಾನಾದ್ರೂ ಹೇಳ್ಬೇಕಿತ್ತು ಕಣವ್ವ. ಕಂಪ್ಯೂಟರ್‌ನಾಗೆ ಬರ್ಕಂಡವ್ರಲ್ಲ ಅಂತ ಸುಮ್ನೆ ನಿಂತ್ಕಂಡೆ. ತಪ್ಪು ನಂದೇ” ಎಂದರು.

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಯಾವ ಕೇಂದ್ರದಲ್ಲಾದರೂ ಹಳೆಯ ಕೋಡ್ ಉಳಿದಿರುವುದು ಕಂಡರೆ ಹೊಸ ಕೋಡ್ ಫೈಲನ್ನೇ ತೆರೆಯದಿರಲಿ ಎಂದು ನಮ್ಮ ತಂಡದ ಗೋವರ್ಧನ ಹೇಳಿದ್ದರು. ಕಚೇರಿಗಳಿಗೆ ತೊಂದರೆಯಾಗುತ್ತದೆ, ಬೇಡ ಎಂದವಳು ನಾನು. ಅಧಿಕಾರಿಗಳು ಪತ್ರ ಓದುತ್ತಾರೆಂದು ನಂಬಿದ್ದೆ. ಆ ತಿದ್ದುಪಡಿಯನ್ನು ಹೋದ ವಾರ ಬರೆದು ಸೇರಿಸಿದ್ದೇವೆ.

ಹರಿಯಬ್ಬೆ, ಬಿ.ದುರ್ಗಗಳಲ್ಲಿ ಇಂದಿಗೂ ಹಳೆಯ ಕೋಡೇ ಇದೆ. ಒಂದು ದಿನ ಎಲ್ಲ ಕಂಪ್ಯೂಟರುಗಳನ್ನೂ ನಿಲ್ಲಿಸಿ, ಒಟ್ಟಿಗೆ ಅಪ್‌ಡೇಟ್ ಮಾಡಿಸಿ. ರಂಜಿತಾ ಅವರ ಅಮಾನತು ರದ್ದು ಮಾಡಿ. ಆಮೇಲೆ ಹರಿಯಬ್ಬೆಗೆ ಹೋಗಿ, “ತಪ್ಪು ನಿಮ್ಮದಲ್ಲ” ಎಂದು ಜುಂಜಯ್ಯನವರಿಗೆ ತಾವೇ ಹೇಳಿ. ನಾನು ಹೇಳಿ ನೋಡಿದೆ. ಅವರು ನಂಬಲಿಲ್ಲ.

ಇಂತಿ,
ಈ ಹೊಣೆಯಲ್ಲಿ ತಮ್ಮ ಪಾಲುಗಾರ್ತಿಯಾದ
ಶಿವಗಂಗಾ, ಹೊಸದುರ್ಗ