ಮುರಿಯದ ಮಣಿಕಟ್ಟು

ಅಕ್ಟೋಬರ್ 3, 2013. ಗುರುವಾರ, ಬೆಳಿಗ್ಗೆ 6

ಇವತ್ತೂ ಅದೇ ಕಥೆ. ನಾನು ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಆಟಗಾರರ ಕಾಲಿಗೆ ಟೇಪ್ ಸುತ್ತುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಮುಖ್ಯ ಕೋಚ್ ಗ್ಯಾರೆಟ್ ಹಾಲ್ಕಮ್ ಗುಡುಗುತ್ತಿದ್ದ — ತಾನು ಆಡುತ್ತಿದ್ದಾಗ ಮಣಿಕಟ್ಟು ಮುರಿದರೂ ಚೆಂಡು ಬಿಡದೆ ಈ ಕಾಲೇಜನ್ನು ಗೆಲ್ಲಿಸಿದನಂತೆ. ಅದನ್ನು ಮೊದಲು ಹೇಳಿದವನು ನಾನೇ. 1991ರ ನವೆಂಬರ್, ಪತ್ರಿಕೆಯವನೊಬ್ಬನಿಗೆ. ಮುರಿದಿರಲಿಲ್ಲ. ಉಳುಕಿರಲೂ ಇಲ್ಲ. ಹೆದರಿಕೆಗೆ ಅವನ ಕೈ ನಡುಗುತ್ತಿತ್ತು. ಚೆಂಡು ಬಿದ್ದರೆ ನೆಪ ಬೇಕೆಂದು ನನ್ನಿಂದ ಟೇಪ್ ಸುತ್ತಿಸಿಕೊಂಡ. ಗೆದ್ದ ಮೇಲೆ ನೆಪವೇ ಕಿರೀಟವಾಯಿತು. ಆ ಟೇಪು ಹಿಡಿದೇ ಮೇಲೆ ಹತ್ತಿದ. ಟ್ರಕ್ ಜಾಹೀರಾತು, ಸಹಾಯಕ ಕೋಚ್, ಈಗ ಮುಖ್ಯ ಕೋಚ್. ಕುಂಬಳಕಾಯಿಗೆ ಪೇಟ.

ಅಕ್ಟೋಬರ್ 5, ಶನಿವಾರ

ಸೋತೆವು. ಚೆಂಡು ಎಸೆಯುವ ಟೆರಿಲ್ ತಲೆಗೆ ಪೆಟ್ಟು. ಎಬ್ಬಿಸಿದರೆ, "ಅಮ್ಮ ಬಂದಿದ್ದಾಳಾ?" ಅಂದ. ಅಮ್ಮ ತೀರಿ ಎರಡು ವರ್ಷ. ಅವನ ಹೆಲ್ಮೆಟ್ ಕಿತ್ತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಆಟಗಾರರ ಗಾಯ ನೋಡಿಕೊಳ್ಳುವ ನಮ್ಮ ಕಸುಬಿನ ಹಳೆಯ ಉಪಾಯ — ಹೆಲ್ಮೆಟ್ ಇಲ್ಲದವನು ಮೈದಾನಕ್ಕಿಳಿಯುವಂತಿಲ್ಲ.

"ಏಯ್ ಡಾಕ್, ಕೊಡಯ್ಯಾ ಅದನ್ನ," ಗ್ಯಾರೆಟ್ ಕೈಚಾಚಿದ. ಡಾಕ್ಟರಲ್ಲದಿದ್ದರೂ ಎಲ್ಲರಿಗೂ ನಾನು ಡಾಕ್.

"ಹುಡುಗನ ತಲೆ ನೆಟ್ಟಗಿಲ್ಲ, ಗ್ಯಾರೆಟ್."

"ನಾನು ಮುರಿದ ಕೈಲಿ ಆಡ್ಲಿಲ್ವಾ?"

"ಆ ಕೈಗೆ ಟೇಪ್ ಸುತ್ತಿದ್ದು ಯಾರಪ್ಪಾ?"

ಅವನ ಮುಖ ಸುಣ್ಣವಾಯಿತು. "ಬಾಯಿ ಬಿಟ್ಯೋ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ."

ಪೆಟ್ಟಿಗೆಯ ಬೀಗ ತೆಗೆಯಲಿಲ್ಲ. ಬಿಡಲೂ ಇಲ್ಲ, ಬಾಯಿ.

ಅಕ್ಟೋಬರ್ 9, ಬುಧವಾರ

ಟೆರಿಲ್ ಕೋಣೆಗೆ ಹೋದೆ. ಬೆಳಕು ಸಹಿಸಲಾರ, ಕಿಟಕಿಗೆ ಕಂಬಳಿ. ಮಂಚದ ಮೇಲೆ ಹೊಸ ಹೆಲ್ಮೆಟ್! ಮಹಾನುಭಾವ ಗ್ಯಾರೆಟ್ ತಾನೇ ಬಂದು ಕೊಟ್ಟು ಹೋಗಿದ್ದಾನೆ.

"ಶನಿವಾರ ಆಡ್ತೀನಿ ಡಾಕ್. ಕೋಚ್ ಮುರಿದ ಕೈಲೇ ಆಡಿದ್ರಲ್ಲ. ನನಗೆ ಬರೀ ತಲೆನೋವು."

ಇನ್ನೊಂದು ಪೆಟ್ಟು ಬಿದ್ದರೆ ಏಳುವುದಿಲ್ಲ. ಅವನನ್ನು ಮೈದಾನಕ್ಕೆ ತಳ್ಳುತ್ತಿರುವುದು ನನ್ನ ಸುಳ್ಳು. ಅದಕ್ಕೆ ಯಾವ ಪೆಟ್ಟಿಗೆ, ಯಾವ ಬೀಗ...

ಅಕ್ಟೋಬರ್ 10, ಗುರುವಾರ ಸಂಜೆ

ಅಭ್ಯಾಸ ಮುಗಿಸಿ ಬಂದ ಇಡೀ ತಂಡದ ಮುಂದೆ ಹೇಳಿಬಿಟ್ಟೆ. ನಡುಗಿದ ಕೈ, ಟೇಪು, ಪತ್ರಿಕೆಯವನು, ಎಲ್ಲ. ಟೆರಿಲ್ ಕಪ್ಪು ಕನ್ನಡಕ ಹಾಕಿ ಮೂಲೆಯಲ್ಲಿ ಕೂತಿದ್ದ. ಆನೆಗಾತ್ರದ ಆಟಗಾರ ಡ್ವೊರಾಕ್ ಎದ್ದ.

"ಅಂದ್ರೆ ಇಪ್ಪತ್ತೆರಡು ವರ್ಷ ನೀವೂ ಸುಮ್ನಿದ್ರಿ?"

"ಹ್ಞೂಂ."

"ಥೂ," ಅಂದು ಹೊರಟುಹೋದ. ಹಿಂದೆಯೇ ಎಲ್ಲರೂ. ಸರಿಯಾಗೇ ಉಗಿದ. ಗ್ಯಾರೆಟ್‌ಗೂ ನನಗೂ ಒಂದೇ ಉಗುಳು ಸಾಕು.

ಅಕ್ಟೋಬರ್ 11, ಶುಕ್ರವಾರ, ಬೆಳಿಗ್ಗೆ 5:40

ನನ್ನ ಕೋಣೆಯ ಬಾಗಿಲಿಗೆ ಒತ್ತಿ ಹೆಲ್ಮೆಟ್ಟುಗಳ ರಾಶಿ, ಸೊಂಟದೆತ್ತರ. ಡ್ವೊರಾಕನದೂ ಇದೆ. ಎಲ್ಲಕ್ಕಿಂತ ಮೇಲೆ ಟೆರಿಲ್‌ನ ಹೊಸದು. ಒಂದೊಂದೇ ಒಳಗಿಟ್ಟು ಬೀಗ ಜಡಿದೆ.

ಹೊರಗೆ ಗ್ಯಾರೆಟ್ ಸೀಟಿ ಊದುತ್ತಿದ್ದಾನೆ. ಮತ್ತೆ ಊದಿದ. ಖಾಲಿ ಮೈದಾನ. ಈಗ ಇತ್ತಲೇ ಬರುತ್ತಿದ್ದಾನೆ, ಬೀಗದ ಕೈ ನನ್ನ ಜೇಬಿನಲ್ಲಿದೆ.