ಜಡ್ಜರ ಅಕ್ಕ ಹಿಂದೆ ಸರಿಯುವುದಿಲ್ಲ

ಬೆಳ್ಮಣ್
೨೧ ಫೆಬ್ರವರಿ ೧೯೬೦, ಭಾನುವಾರ

ಚಿರಂಜೀವಿ ಭೋಜನಿಗೆ,

ನಿನ್ನ ಚಂಪಕ್ಕ ಮಾಡುವ ಆಶೀರ್ವಾದ. ಉಭಯ ಕುಶಲೋಪರಿ ಎಂದು ಮುಂದುವರಿಸಬೇಕಿತ್ತು, ಕೈ ಓಡುತ್ತಿಲ್ಲ. ನಾನು ಕುಶಲ. ಬಾಕಿಯದು ಓದುತ್ತ ಹೋಗು, ಗೊತ್ತಾಗುತ್ತದೆ.

ಉತ್ತರ ತಡವಾಯಿತು, ಬೇಜಾರು ಮಾಡಬೇಡ. ನಿನ್ನ ಕಾಗದ ಬಂದು ದೇವರ ಫೋಟೋದ ಹಿಂದೆ ಹಾಗೆಯೇ ಇತ್ತು. ಅಕ್ಕನಿಗೆ ಇಂಗ್ಲಿಷಿನಲ್ಲಿ ಟೈಪ್ ಹೊಡೆಸಿ ಕಳಿಸಿದರೆ ಅವಳು ಓದುವುದು ಹೇಗೆ, ಮಾರಾಯ? ನಮ್ಮ ಆಚೆಮನೆಯ ಜೋಕಿಮ್‌ ಪೊರ್ಬುಗಳ ಮಗಳು ಎಸ್ತರ್ ಉಡುಪಿಯ ಶಾಲೆಯಲ್ಲಿ ಟೀಚರ್ ಅಲ್ಲವಾ, ಅವಳು ರಜೆಯಲ್ಲಿ ಬಂದ ಮೇಲೆ ಓದಿ ಹೇಳಿದಳು. ಪಾಪ, ಕೆಲವು ಸಾಲುಗಳನ್ನು ಮೆತ್ತಗೆ ಮಾಡಿ ಹೇಳಲು ನೋಡಿದಳು. ನಾನು ಬಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಸಿದೆ.

ನಾನು ಪಂಚಾಯತು ಚುನಾವಣೆಗೆ ನಿಲ್ಲಬಾರದಂತೆ. ದೆಹಲಿಯ ದೊಡ್ಡ ಕೋರ್ಟಿನ ನ್ಯಾಯಮೂರ್ತಿಯ ಅಕ್ಕ ವೋಟು ಕೇಳುತ್ತ ಬೀದಿ ಸುತ್ತುವುದು ಶೋಭೆ ಅಲ್ಲವಂತೆ. ಬರುವ ಶುಕ್ರವಾರದೊಳಗೆ ಹೆಸರು ಹಿಂದೆ ತೆಗೆಯಬೇಕಂತೆ. ಇಲ್ಲದಿದ್ದರೆ ಜನ ನನ್ನ "ಹಳೆಯ ವಿಷಯ" ಎತ್ತುತ್ತಾರಂತೆ.

ಭೋಜ, ಹಿಂದೆ ತೆಗೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವಷ್ಟು ಪುರುಸೊತ್ತು ನಿನಗೆ ಉಂಟೋ ಇಲ್ಲವೋ.

ಇದು ನಿನಗೆ ಯಾರು ಬರೆದರೆಂದು ನನಗೆ ಗೊತ್ತುಂಟು. ನನಗೆ ಎದುರು ನಿಂತಿರುವ ಮಂಜಯ್ಯ ಚೌಟರೇ ಬರೆದಿರಬೇಕು. ಐವತ್ತೆರಡರಲ್ಲಿ ನೀನು ಪಾರ್ಲಿಮೆಂಟಿಗೆ ನಿಂತಾಗ ಅವರು ನಿನ್ನ ಜೀಪಿನಲ್ಲಿ ಮುಂದಿನ ಸೀಟು ಬಿಟ್ಟು ಇಳಿದವರಲ್ಲ. ನಾನು ಮನೆಮನೆಗೆ ನಡೆದೆ. ಆಗ ನಾನು ಬೀದಿ ಸುತ್ತಿದ್ದು ನಿನಗೆ ಶೋಭೆಯಾಗಿಯೇ ಕಂಡಿತ್ತು. ಗೆದ್ದ ದಿನ ಕಾರ್ಕಳದ ಸಭೆಯಲ್ಲಿ "ನನ್ನ ಅರ್ಧ ವೋಟು ಅಕ್ಕನದ್ದು" ಎಂದು ಮೈಕಿನಲ್ಲಿ ಹೇಳಿದವನು ನೀನೇ.

ನಾನು ಯಾಕೆ ನಿಂತೆ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಸರಕಾರದ ಹಣದಲ್ಲಿ ತೋಡಿದ ಊರಬಾವಿ ಈಗ ಚೌಟರ ಪಾಗಾರದ ಒಳಗೆ ಉಂಟು. ಬಾವಿ ಆದ ಮೇಲೆ ಪಾಗಾರವನ್ನು ಸುತ್ತು ತಿರುಗಿಸಿ ಕಟ್ಟಿದರು. ನಮ್ಮ ಗದ್ದೆ ಉಳುವ ಅಂಗಾರನ ಹೆಂಡತಿ ಬಿಸಿಲಿನಲ್ಲಿ ಗೇಟಿನ ಹೊರಗೆ ಕೊಡ ಇಟ್ಟು ಕೂತಿರುತ್ತಾಳೆ, ಯಾರಾದರೂ ದಯಮಾಡಿ ಎರೆಯಲಿ ಎಂದು. ನಾನು ಚೌಟರ ಹತ್ತಿರ ಹೋಗಿ ಕೇಳಿದೆ. "ಚಂಪಕ್ಕ, ನಿಮಗೆ ಎಂತಕ್ಕೆ ಈ ಉಸಾಬರಿ? ನಿಮ್ಮ ಮನೆಯಲ್ಲಿ ಬಾವಿ ಉಂಟಲ್ಲ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮರುದಿನವೇ ಹೋಗಿ ನಾಮಪತ್ರ ಕೊಟ್ಟು ಬಂದೆ. ಅಂಗಾರ ಮಾತ್ರ ಹೆದರಿದ್ದಾನೆ. "ಅಮ್ಮ, ನಿಮ್ಮ ತಮ್ಮ ದೊಡ್ಡ ಜನ. ಅವರು ಬೇಡ ಅಂದ್ರೆ ನೀವು ನಿಲ್ಲಬೇಡಿ, ನಮಗೆ ಅಭ್ಯಾಸ ಆಗಿದೆ" ಎಂದ. ಆ ಮಾತು ನನ್ನನ್ನು ಇನ್ನೂ ಗಟ್ಟಿ ಮಾಡಿತು.

ಇನ್ನು ನನ್ನ ಹಳೆಯ ವಿಷಯ. ಯಾವುದು ಅದು? ನಾನು ಗಂಡನನ್ನು ಬಿಟ್ಟು ಬಂದದ್ದಾ? ಅದನ್ನು ಯಾರು ಎತ್ತಬೇಕು, ಎಲ್ಲಿಂದ ಎತ್ತಬೇಕು? ಅದು ಅಡಗಿ ಕೂತದ್ದಾದರೆ ತಾನೆ! ನಮ್ಮದು ಅಳಿಯಕಟ್ಟಿನ ಮನೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಹೊಂದಿಕೆ ಆಗದಿದ್ದರೆ ಹೆಣ್ಣು ಹಿರಿಯರ ಎದುರು ಹೇಳಿ ತನ್ನ ಮನೆಗೆ ಬರುತ್ತಾಳೆ. ಕಾಪುವಿನ ವಿಠಲ ಮಾರ್ಲರು ಕೆಟ್ಟವರಲ್ಲ. ಅವರ ಬಾಯಿ ದೊಡ್ಡದು, ನನ್ನದು ಅದಕ್ಕಿಂತ ದೊಡ್ಡದು, ಅಷ್ಟೆ. ಒಂದೇ ಸೂರಿನ ಅಡಿಯಲ್ಲಿ ಎರಡೂ ಹಿಡಿಸಲಿಲ್ಲ.

ಆ ದಿನ ನಿನಗೆ ನೆನಪುಂಟಾ? ನೀನು ಮದರಾಸಿನಲ್ಲಿ ಲಾ ಓದುತ್ತಿದ್ದೆ, ರಜೆಯಲ್ಲಿ ಬಂದಿದ್ದೆ. ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಎತ್ತಿನ ಗಾಡಿ ಹೂಡಿಸಿಕೊಂಡು ಕಾಪುವಿಗೆ ಬಂದೆ. ಮಾರ್ಲರ ಮಾವ ಚಾವಡಿಯಲ್ಲಿ ಕೂತು, "ಯಾರ ಅಪ್ಪಣೆ ತೆಗೆದುಕೊಂಡು ಹೊರಟಳು ಇವಳು?" ಎಂದು ಗುಡುಗಿದರು. ನೀನು ಅವರ ಮುಖ ನೋಡಿ, "ಅಕ್ಕ ಅವಳ ಮನೆಗೆ ಬರಲಿಕ್ಕೆ ಅಪ್ಪಣೆ ಎಂತಕ್ಕೆ? ಅಕ್ಕ, ಗಾಡಿ ಹತ್ತು" ಎಂದೆ. ಪೇಟೆ ದಾಟುವಾಗ ಗಾಡಿ ನಿಲ್ಲಿಸಿ ಒಂದು ಚೆಂಡು ಮಲ್ಲಿಗೆ ಕೊಂಡು ನನ್ನ ಮಡಿಲಿಗೆ ಹಾಕಿದೆ. "ಮುಡಿದುಕೋ, ತಲೆ ತಗ್ಗಿಸಿ ಮನೆಗೆ ಹೋಗುವುದು ಬೇಡ" ಎಂದೆ. ನೀನು ಆಮೇಲೆ ಎಷ್ಟು ತೀರ್ಪು ಬರೆದಿದ್ದಿಯೋ, ನನಗೆ ಅದರಷ್ಟು ದೊಡ್ಡದು ಯಾವುದೂ ಇಲ್ಲ.

ನಿನ್ನ ಒಂದೊಂದು ಏಳಿಗೆಯನ್ನೂ ನಾನು ನನ್ನದೆಂದೇ ನೋಡಿದವಳು. ಕಡಲಬದಿಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋದಾಗ ಅಮ್ಮ ಅತ್ತಳು, ನಾನು ಊರಿಡೀ ಹೇಳಿಕೊಂಡು ಬಂದೆ. ಕಾರ್ಕಳದ ಕೋರ್ಟಿನಲ್ಲಿ ಕರಿಕೋಟು ಹಾಕಿ ಗೇಣಿ ಒಕ್ಕಲಿನವರ ಪರವಾಗಿ ನೀನು ವಾದ ಮಾಡಿದಾಗ ನಮ್ಮ ಮಾವಂದಿರೇ ಮಾತು ಬಿಟ್ಟರು, ನಾನು ನಿನ್ನ ಬದಿಗೆ ನಿಂತೆ. ಮತ್ತೆ ಪಾರ್ಲಿಮೆಂಟಿನಲ್ಲಿ ವಿವಾಹದ ಕಾನೂನು ಬಂದಾಗ ನೀನು ಮಾಡಿದ ಭಾಷಣ! "ನನ್ನ ಊರಿಗೆ ಬಂದು ನೋಡಿ. ಬೇಡದ ಮದುವೆ ಬಿಟ್ಟು ಬಂದ ಹೆಣ್ಣು ಅಲ್ಲಿ ತಲೆ ಎತ್ತಿ ಬದುಕುತ್ತಾಳೆ" ಎಂದಿದ್ದಿಯಂತೆ. ಪೇಪರಿನಲ್ಲಿ ಬಂದದ್ದನ್ನು ಎಸ್ತರ್ ಓದಿ ಹೇಳಿದಳು. ನನ್ನ ತಮ್ಮ ದೇಶದ ಎದುರು ನನ್ನ ಬಗ್ಗೆಯೇ ಹೇಳಿದ ಎಂದು ಆ ದಿನ ಪಾಯಸ ಮಾಡಿ ಹಂಚಿದೆ. ನಿನಗೆ ಜಡ್ಜ್ ಪದವಿ ಕೊಟ್ಟಾಗ ಕೂಡ ಪಾಯಸ ಮಾಡಲಿಲ್ಲ.

ಹಾಗಿರುವಾಗ ಚೌಟರ ಚಾಡಿಗೆ ಹೆದರು ಎಂದು ನೀನು ನನಗೆ ಬರೆಯುವುದಾ? ಹೆದರುವುದಾದರೆ ನೀನು ಹೆದರು. ನಾನು ನಾಳೆಯೇ ಚೌಟರ ಮನೆಗೂ ಹೋಗಿ ಅವರ ಹೆಂಡತಿಯ ವೋಟು ಕೇಳುವವಳು. ಅವರು ಕೊಟ್ಟರೂ ಕೊಟ್ಟಾರು. ಸೋತರೆ ಸೋತೆ. ನಿಂತವಳು ನಾನು, ಸೋಲುವುದೂ ನಾನೇ.

ಏಪ್ರಿಲಿನಲ್ಲಿ ಮಣಿಪಾಲದ ಕಾಲೇಜಿನ ಸಭೆಗೆ ನೀನು ಬರುತ್ತಿ ಎಂದು ತಿಳಿಯಿತು. ನಾನೂ ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನನ್ನನ್ನು ಯಾರೆಂದು ಪರಿಚಯ ಮಾಡಿಸಬೇಕೋ ನೀನು ಈಗಿಂದಲೇ ಯೋಚನೆ ಮಾಡಿಕೋ.

ನಿನ್ನ ಹೆಂಡತಿ ವಿನೋದಾಳಿಗೆ ಚಳಿಯಲ್ಲಿ ಕೀಲುನೋವು ಹೆಚ್ಚಾಗದಿರಲಿ. ಮಕ್ಕಳು ವಿದ್ಯಾವಂತರಾಗಿ, ಗಟ್ಟಿಯಾಗಿ ಬಾಳಲಿ. ನಿನಗೂ ದೇವರು ಆಯುಸ್ಸು ಕೊಡಲಿ. ಸಿಟ್ಟಿನಲ್ಲಿಯೂ ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ಇತಿ ನಿನ್ನ ಅಕ್ಕ,
ಚಂಪಾ

ಮತ್ತೊಂದು ಮಾತು: ಇದನ್ನು ಬರೆಯುವುದು ಬೇಡವೆಂದೇ ಮೇಲೆ ರುಜು ಹಾಕಿದ್ದೆ. ಲಕೋಟೆ ಅಂಟಿಸಲು ಆಗಲಿಲ್ಲ.

ನಿನ್ನ ಕೋರ್ಟಿನ ಇನ್ನೊಬ್ಬ ಜಡ್ಜರ ಹೆಂಡತಿ ಹೋದ ತಿಂಗಳು ಉಡುಪಿಯ ಪರ್ಯಾಯ ನೋಡಲು ಬಂದಿದ್ದರು. ನಿನ್ನ ಅಕ್ಕನನ್ನು ಕಂಡು ಹೋಗಬೇಕೆಂದು ಕಾರು ಮಾಡಿಕೊಂಡು ಇಲ್ಲಿಯವರೆಗೆ ಬಂದರು. ಒಳ್ಳೆಯ ಹೆಂಗಸು. ಮಾತಾಡಿಸಲು, ಪರ್ಯಾಯದ ರಜೆಗೆ ಮನೆಗೆ ಬಂದಿದ್ದ ಎಸ್ತರಳನ್ನು ಕರೆಸಿದೆ. ಆಕೆ ನನ್ನ ಕೈಯ ಬಳೆಗಳನ್ನೇ ನೋಡುತ್ತಿದ್ದರು. ಆಮೇಲೆ ಚೀಲದಿಂದ ಒಂದು ಬಿಳಿ ಸೀರೆ ತೆಗೆದು ನನ್ನ ಕೈಗಿಟ್ಟು, ಕಣ್ಣೊರೆಸಿಕೊಂಡು ಏನೋ ಹೇಳಿದರು. ಎಸ್ತರ್ ನನ್ನ ಕೈಯ ಸೀರೆಯನ್ನು ತೆಗೆದು ಬದಿಗಿಟ್ಟಳು. ಗದರಿಸಿದ ಮೇಲೆ ಹೇಳಿದಳು: "ಚಂಪಕ್ಕ, ನೀವು ಇಪ್ಪತ್ತೆರಡು ವರ್ಷಕ್ಕೇ ವಿಧವೆ ಆದದ್ದು ಕೇಳಿ ಅವರಿಗೆ ಬಹಳ ದುಃಖ ಆಯ್ತಂತೆ. ಊಟದ ಮೇಜಿನಲ್ಲಿ ಎಲ್ಲರ ಎದುರು ನಿಮ್ಮ ತಮ್ಮನೇ ಹೇಳಿದ್ದಂತೆ."

ನಾನು ಆಕೆಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟು ಕಳಿಸಿದೆ. ನಿನ್ನ ಮಾತು ಸುಳ್ಳೆಂದು ಹೇಳಲು ಬಾಯಿ ಬರಲಿಲ್ಲ.

ಮೊನ್ನೆ ಆದಿ ಉಡುಪಿಯ ಸಂತೆಗೆ ತೆಂಗಿನಕಾಯಿ ಹಾಕಲು ಹೋದಲ್ಲಿ ಮಾರ್ಲರು ಸಿಕ್ಕಿದರು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಸತ್ತದ್ದು ಯಾವ ವರ್ಷ ಅಂತ ನಿನ್ನ ತಮ್ಮನ ಹತ್ತಿರ ಕೇಳು ಮಾರಾಯ್ತಿ. ನನ್ನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನನ್ನನ್ನು ಕರೆಯಲೇ ಇಲ್ಲ ಅಲ್ವಾ!" ಎಂದರು. ನಾನೂ ನಕ್ಕೆ. ಬಸ್ಸು ಶಿರ್ವ ದಾಟುವಾಗ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತವರು ಯಾರು ಹೋದರು ಎಂದು ಕೇಳಿದರು.

ಊರವರು ಏನಂದರೂ ನಾನು ಎದುರು ಮಾತಾಡಿಯೇನು, ಆ ಶಕ್ತಿ ಇನ್ನೂ ಉಂಟು. ನಿನ್ನೆದುರು ಏನು ಮಾತಾಡಲಿ? ಗಾಡಿ ಹೂಡಿಸಿಕೊಂಡು ಬಂದವನು ನೀನು. ನನ್ನನ್ನು ಮನೆಗೆ ಕರೆದುಕೊಂಡು ಬಂದದ್ದಕ್ಕೆ ನಿನಗೆ ಯಾವಾಗಿನಿಂದ ನಾಚಿಕೆ ಆಗತೊಡಗಿತು, ಭೋಜ?